ನೆಲದ ಮೇಲೆ ಕಾಣದ ಕಟ್ಟಡ: ಚಾರ್ಲ್ಸ್ ಹೋಲ್ಡನ್

ಸೆಪ್ಟೆಂಬರ್ 15 ಬಂತಂದ್ರ ನಮ್ಮ ಬಳಗದ ಪತ್ರಿಕೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಒಂದು ಲೇಖನ ಇದ್ದೇ ಇರುತ್ತದೆ. ಇರಬೇಕಾದ್ದೇ ಬಿಡ್ರಿ. ಆದರೆ ಅಣೆಕಟ್ಟು, ಕಾಲುವೆ, ಕಾರ್ಖಾನೆ ಕಟ್ಟಿದವರ ಕತೆ ಕೇಳಿದಷ್ಟು ನಾವು ನಿಲ್ದಾಣ ಕಟ್ಟಿದವರ ಕತೆ ಕೇಳಿಲ್ಲ. ನಿಲ್ದಾಣ ಅಂದರೆ ದಿನಾ ಸಾವಿರಾರು ಮಂದಿ ತುಳಿದು ಹೋಗುವ ಜಾಗ. ಎಲ್ಲರೂ ನೋಡುತ್ತಾರೆ, ಯಾರೂ ನಿಂತು ನೋಡುವುದಿಲ್ಲ.

ಹುಕ್ಕೇರಿಗೆ ರೈಲಿಲ್ಲ, ಮೂಡಲಗಿ ಊರಿಗೂ ರೈಲಿಲ್ಲ. ಗೋಕಾಕಿನವರಿಗೆ ಗೋಕಾಕ ರೋಡ್ ಅಂತ ಸ್ಟೇಷನ್ ಇದೆ, ಆದರೆ ಊರಿಂದ ಅಲ್ಲಿಗೆ ಮುಟ್ಟಲು ಮೊದಲು ಬಸ್ಸೋ ಟಂಟಂನೋ ಹಿಡಿಯಬೇಕು. ಹೀಗಾಗಿ ನಮ್ಮ ಮೂರೂ ತಾಲೂಕಿನ ಮಂದಿಗೆ ಘಟಪ್ರಭಾ ಸ್ಟೇಷನ್ನೇ ದೊಡ್ಡ ಬಾಗಿಲು. ಅಲ್ಲಿಂದ ಹೊರಟು ಬೆಂಗಳೂರು ಮುಟ್ಟಿ, ಮೆಜೆಸ್ಟಿಕ್ ಮೆಟ್ರೋದ ಎಸ್ಕಲೇಟರ್ ಮೇಲೆ ನಿಂತು ನೆಲದ ಹೊಟ್ಟೆಯೊಳಗೆ ಇಳಿಯುವಾಗ ನಮ್ಮಲ್ಲಿ ಎಷ್ಟೋ ಮಂದಿ ಬೆರಗಾಗಿದ್ದೇವೆ. ಮೇಲೆ ಊರು, ಕೆಳಗೆ ರೈಲು, ನಡುವೆ ಒಂದು ದೊಡ್ಡ ಹಾಲು, ಟಿಕೆಟ್ಟು ಅಲ್ಲಿ, ದಾರಿ ಹೇಳುವ ಫಲಕ ಅಲ್ಲಿ, ಮಂದಿ ಬೇರೆ ಬೇರೆ ದಿಕ್ಕಿಗೆ ಹರಿದು ಹೋಗುವುದೂ ಅಲ್ಲಿಂದಲೇ. ಈ ಕಲ್ಪನೆಗೆ ಒಂದು ಒಳ್ಳೆಯ ರೂಪ ಕೊಟ್ಟವರಲ್ಲಿ ಒಬ್ಬರು ಚಾರ್ಲ್ಸ್ ಹೋಲ್ಡನ್. ಇಂಗ್ಲೆಂಡಿನ ವಾಸ್ತುಶಿಲ್ಪಿ. ಲಂಡನ್ನಿನ ಪಿಕಡಿಲಿ ಸರ್ಕಸ್ ಎಂಬ ಗಿಜಿಗುಡುವ ನೆಲದಡಿ ನಿಲ್ದಾಣವನ್ನು ಒಂದು ದಿನವೂ ಊರು ನಿಲ್ಲಿಸದೆ ಹೊಸದಾಗಿ ಕಟ್ಟಿದ ಕೆಲಸದಲ್ಲಿ ವಿನ್ಯಾಸ ಅವರದು.

ದಿವಾಳಿಯಾದ ಮನೆಯ ಕಿರಿ ಮಗ

ಹೋಲ್ಡನ್ ಹುಟ್ಟಿದ್ದು 1875ರ ಮೇ 12ರಂದು, ಲ್ಯಾಂಕಶೈರಿನ ಬೋಲ್ಟನ್ ಪಟ್ಟಣದ ಗ್ರೇಟ್ ಲಿವರ್ ಎಂಬಲ್ಲಿ. ಬೋಲ್ಟನ್ ಅಂದರೆ ಹತ್ತಿಗಿರಣಿಗಳ ಊರು. ಗೋಕಾಕ ಫಾಲ್ಸ್‌ನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 1887ರಲ್ಲಿ ನಮ್ಮ ಘಟಪ್ರಭೆಯ ನೀರಿನ ಬಲದಿಂದ ಫಾಲ್ಸ್‌ನ ನೂಲಿನ ಗಿರಣಿ ಓಡತೊಡಗಿದಾಗ ಅತ್ತ ಹೋಲ್ಡನ್ ಹನ್ನೆರಡು ವರ್ಷದ ಹುಡುಗ.

ತಂದೆ ಜೋಸೆಫ್ ಬಟ್ಟೆ ವ್ಯಾಪಾರಿ. ಐದು ಮಕ್ಕಳಲ್ಲಿ ಚಾರ್ಲ್ಸ್ ಕೊನೆಯವನು. 1884ರಲ್ಲಿ ತಂದೆಯ ವ್ಯಾಪಾರ ದಿವಾಳಿಯಾಯಿತು. ಮನೆಮಂದಿ ಊರು ಬಿಟ್ಟು ಸೇಂಟ್ ಹೆಲೆನ್ಸ್‌ಗೆ ಹೋದರು. ಹುಡುಗನಿಗೆ ಹದಿನೈದಾದಾಗ ತಾಯಿ ತೀರಿಕೊಂಡರು. ಮುಂದೆ ಓದಿಸುವವರು ಯಾರೂ ಇರಲಿಲ್ಲ. ಸ್ವಲ್ಪ ದಿನ ರೈಲ್ವೆಯಲ್ಲಿ ಗುಮಾಸ್ತನ ಕೆಲಸ, ಸ್ವಲ್ಪ ದಿನ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ. ಅಕ್ಕನ ಗಂಡ ಡೇವಿಡ್ ಗ್ರೀನ್ ಬೋಲ್ಟನ್ನಿನಲ್ಲಿ ಭೂಮಾಪನ ಮತ್ತು ಕಟ್ಟಡದ ನಕ್ಷೆಯ ಕೆಲಸ ಮಾಡುತ್ತಿದ್ದರು. ಅಲ್ಲಿ ಹೋಗಿ ಕುಳಿತ ಹುಡುಗನಿಗೆ ಗೆರೆ ಎಳೆಯುವ ರುಚಿ ಹತ್ತಿತು.

1892ರಲ್ಲಿ ಮ್ಯಾಂಚೆಸ್ಟರಿನ ಎವರಾರ್ಡ್ ಲೀಸನ್ ಎಂಬ ವಾಸ್ತುಶಿಲ್ಪಿಯ ಕೈಕೆಳಗೆ ಕಲಿಯಲು ಸೇರಿದರು. ಹಗಲು ಆಫೀಸು, ಅದರ ಜೊತೆಗೇ ಮ್ಯಾಂಚೆಸ್ಟರ್ ಕಲಾಶಾಲೆ, ಆಮೇಲೆ ತಾಂತ್ರಿಕ ಶಾಲೆ. ನಮ್ಮ ಕಡೆ ಡಿಪ್ಲೊಮಾ ಮುಗಿಸಿ, ಕೆಲಸ ಮಾಡುತ್ತ ಲ್ಯಾಟರಲ್ ಎಂಟ್ರಿಗೆ ಓದುವ ಗೆಳೆಯರು ಎಷ್ಟು ಮಂದಿ ಇಲ್ಲ? ಹೋಲ್ಡನ್ ಕಲಿತದ್ದೂ ಹೀಗೇ, ದುಡಿಯುತ್ತ ಓದಿ. ಒಂದು ಕಟ್ಟಡ ಪತ್ರಿಕೆಯವರು ನಡೆಸುತ್ತಿದ್ದ ವಿನ್ಯಾಸ ಸ್ಪರ್ಧೆಗೆ ಗೂಬೆ ಎಂಬ ಅರ್ಥದ ಗುಪ್ತನಾಮದಲ್ಲಿ ನಕ್ಷೆ ಕಳಿಸಿ ಬಹುಮಾನ ಗೆದ್ದರು. ಅದೇ ಕಾಲಕ್ಕೆ ಅಮೆರಿಕದ ಕವಿ ವಾಲ್ಟ್ ವಿಟ್ಮನ್ನನ ಹುಚ್ಚು ಹಿಡಿಯಿತು. ಸಾಮಾನ್ಯ ಮನುಷ್ಯನೇ ದೊಡ್ಡವನು ಎಂಬ ಆ ಕವಿಯ ನಂಬಿಕೆ ಹೋಲ್ಡನ್ನರ ತಲೆಯಿಂದ ಕೊನೆಯವರೆಗೂ ಇಳಿಯಲಿಲ್ಲ ಅಂತ ಅವರ ಕಟ್ಟಡ ನೋಡಿದರೆ ಅನ್ನಿಸುತ್ತದೆ.

ಆಸ್ಪತ್ರೆ, ಯುದ್ಧ, ಗೋರಿಗಳು

1897ರಲ್ಲಿ ಲಂಡನ್ನಿಗೆ ಬಂದರು. ಸ್ವಲ್ಪ ಕಾಲ ಸಿ. ಆರ್. ಆಶ್ಬಿ ಅವರಲ್ಲಿ ದುಡಿದು, 1899ರಲ್ಲಿ ಪರ್ಸಿ ಆಡಮ್ಸ್ ಅವರ ಆಫೀಸು ಸೇರಿದರು. ಮುಂದೆ ಆ ಆಫೀಸನ್ನು ಬಿಡಲೇ ಇಲ್ಲ. 1907ರಲ್ಲಿ ಪಾಲುದಾರರಾದರು. ಆಡಮ್ಸ್ ಆಸ್ಪತ್ರೆ ಕಟ್ಟುವುದರಲ್ಲಿ ಹೆಸರಾದವರು. ಕೆನ್ನಿಂಗ್ಟನ್ನಿನ ಬೆಲ್ಗ್ರೇವ್ ಮಕ್ಕಳ ಆಸ್ಪತ್ರೆ, ಮಿಡ್‌ಹರ್ಸ್ಟ್‌ನ ಏಳನೇ ಎಡ್ವರ್ಡ್ ಕ್ಷಯ ಚಿಕಿತ್ಸಾಲಯ ಇವೆಲ್ಲ ಹೋಲ್ಡನ್ ಕೈಯ ಕೆಲಸ. 1906ರ ಬ್ರಿಸ್ಟಲ್ ಕೇಂದ್ರ ಗ್ರಂಥಾಲಯವೂ ಅವರದೇ.

ಆಸ್ಪತ್ರೆಯ ನಕ್ಷೆ ಬರೆಯುವವನು ಮೊದಲು ಯೋಚಿಸುವುದು ಗೋಡೆಯ ಬಗ್ಗೆ ಅಲ್ಲ, ಓಡಾಟದ ಬಗ್ಗೆ. ರೋಗಿ ಎಲ್ಲಿಂದ ಬರಬೇಕು, ಸ್ಟ್ರೆಚರ್ ಎಲ್ಲಿ ತಿರುಗಬೇಕು, ನೋಡಲು ಬಂದ ನೆಂಟರು ಎಲ್ಲಿ ಕೂಡಬೇಕು, ಯಾರ ದಾರಿಗೆ ಯಾರು ಅಡ್ಡ ಬರಬಾರದು. ಇಪ್ಪತ್ತು ವರ್ಷದ ಈ ಅಭ್ಯಾಸವೇ ಮುಂದೆ ನಿಲ್ದಾಣ ಕಟ್ಟುವಾಗ ಅವರ ಕೈಹಿಡಿಯಿತು ಅಂತ ನಮಗನಿಸುತ್ತದೆ.

ಅವರ ಬದುಕು ಬಹಳ ಸಾದಾ. ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ, ಸಸ್ಯಾಹಾರಿ. ಮಾರ್ಗರೆಟ್ ಎಂಬ ನರ್ಸಿನ ಜೊತೆ ಬಾಳಿದರು. ಆಕೆಗೆ ಹಿಂದಿನ ಮದುವೆಯಿಂದ ಬಿಡುಗಡೆ ಸಿಕ್ಕಿರಲಿಲ್ಲ. ಹೀಗಾಗಿ ಇಬ್ಬರೂ ಮದುವೆಯಾಗಲೇ ಇಲ್ಲ, ಆದರೆ 1954ರಲ್ಲಿ ಆಕೆ ತೀರಿಕೊಳ್ಳುವವರೆಗೂ ಜೊತೆ ಬಿಡಲಿಲ್ಲ. ಲಂಡನ್ನಿನ ಹೊರಗೆ ಹಾರ್ಮರ್ ಗ್ರೀನ್ ಎಂಬ ಹಳ್ಳಿಯಲ್ಲಿ ಮನೆ. ರೊಟ್ಟಿ, ಹಣ್ಣು, ನೀರು, ಬಂದವರಿಗೂ ಅದೇ ಊಟ.

ಮೊದಲ ಮಹಾಯುದ್ಧ ಬಂದಾಗ ಕ್ವೇಕರ್ ಪಂಥದ ಕಡೆ ಮನಸ್ಸಿದ್ದ ಹೋಲ್ಡನ್ ಬಂದೂಕು ಹಿಡಿಯಲಿಲ್ಲ. ಗಾಯಾಳುಗಳನ್ನು ರೈಲಿನಿಂದ ಇಳಿಸಿ ಆಸ್ಪತ್ರೆಗೆ ಸಾಗಿಸುವ ಲಂಡನ್ ಆಂಬುಲೆನ್ಸ್ ದಳದಲ್ಲಿ ಸ್ಟ್ರೆಚರ್ ಹೊತ್ತರು. ಆಮೇಲೆ ಯುದ್ಧದಲ್ಲಿ ಸತ್ತವರ ಗೋರಿಗಳನ್ನು ನೋಡಿಕೊಳ್ಳುವ ಆಯೋಗಕ್ಕೆ ಸೇರಿ ಫ್ರಾನ್ಸ್, ಬೆಲ್ಜಿಯಂಗಳಲ್ಲಿ 69 ಸೈನಿಕ ಸ್ಮಶಾನಗಳನ್ನು ರೂಪಿಸಿದರು. ಅಲ್ಲಿ ಅಧಿಕಾರಿ, ಸಿಪಾಯಿ ಎಂಬ ಭೇದ ಇಲ್ಲದೆ ಎಲ್ಲರಿಗೂ ಒಂದೇ ಅಳತೆಯ ಕಲ್ಲು. ಅಲಂಕಾರ ಬೇಡ, ಬೇಕಾದಷ್ಟೇ ಇರಲಿ ಎಂಬ ಅವರ ರೀತಿ ಗಟ್ಟಿಯಾದದ್ದು ಆ ಸ್ಮಶಾನಗಳಲ್ಲೇ.

ಫ್ರಾಂಕ್ ಪಿಕ್ ಸಿಕ್ಕರು

1915ರಲ್ಲಿ ವಿನ್ಯಾಸ ಮತ್ತು ಕೈಗಾರಿಕೆಗಳ ಸಂಘದಲ್ಲಿ ಹೋಲ್ಡನ್ನರಿಗೆ ಫ್ರಾಂಕ್ ಪಿಕ್ ಪರಿಚಯವಾದರು. ಪಿಕ್ ಲಂಡನ್ನಿನ ನೆಲದಡಿ ರೈಲು ಕಂಪನಿಯ ಅಧಿಕಾರಿ. ಎಂಜಿನಿಯರೂ ಅಲ್ಲ, ವಾಸ್ತುಶಿಲ್ಪಿಯೂ ಅಲ್ಲ, ಕಾನೂನು ಓದಿದವರು. ಆದರೆ ನಿಲ್ದಾಣದ ಹೆಸರಿನ ಅಕ್ಷರದಿಂದ ಹಿಡಿದು ಕೂಡುವ ಬೆಂಚಿನವರೆಗೂ ಎಲ್ಲ ನೆಟ್ಟಗಿರಬೇಕು ಅನ್ನುವ ಹಟದ ಮನುಷ್ಯ. ಕೆಲಸ ಕೊಡುವವನು ಪಿಕ್, ಮಾಡುವವನು ಹೋಲ್ಡನ್, ಇಂಥ ಜೋಡಿ ಎಲ್ಲರಿಗೂ ಸಿಗುವುದಿಲ್ಲ ನೋಡ್ರಿ.

ಮೊದಲು ಸಣ್ಣ ಕೆಲಸ ಬಂತು, ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದ ಒಂದು ಪಕ್ಕದ ಬಾಗಿಲು. ಅದು ಮನಸ್ಸಿಗೆ ಬಂದ ಮೇಲೆ ದಕ್ಷಿಣ ಲಂಡನ್ನಿನ ಮಾರ್ಡನ್ ಮಾರ್ಗದ ಏಳು ಹೊಸ ನಿಲ್ದಾಣಗಳು. 1926ರ ಸೆಪ್ಟೆಂಬರಿನಲ್ಲಿ ಅವು ತೆರೆದವು. ಏಳೂ ಜಾಗ ಬೇರೆ ಬೇರೆ. ಒಂದು ಮೂಲೆಯಲ್ಲಿ, ಇನ್ನೊಂದು ಸಾಲುಮನೆಗಳ ನಡುವೆ. ಹೋಲ್ಡನ್ ಮಡಚುವ ಪರದೆಯ ಹಾಗೆ ಒಂದೇ ಮುಖಭಾಗವನ್ನು ಯೋಚಿಸಿದರು. ಮೂಲೆ ಇದ್ದರೆ ಮಡಚು, ನೇರ ಬೀದಿ ಇದ್ದರೆ ಬಿಚ್ಚು. ಬಿಳಿ ಪೋರ್ಟ್‌ಲ್ಯಾಂಡ್ ಕಲ್ಲು, ದೊಡ್ಡ ಗಾಜು, ರಾತ್ರಿ ಒಳಗಿನ ಬೆಳಕು ಬೀದಿಗೆ ಚೆಲ್ಲಬೇಕು. ನಿಲ್ದಾಣ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಪಿಕಡಿಲಿಯ ಇಕ್ಕಟ್ಟು

ಈಗ ಮುಖ್ಯ ವಿಷಯಕ್ಕೆ ಬರೋಣ. ಪಿಕಡಿಲಿ ಸರ್ಕಸ್ ಅಂದರೆ ಸರ್ಕಸ್ ಕಂಪನಿ ಅಲ್ಲ ಮತ್ತ! ಹಲವು ದೊಡ್ಡ ರಸ್ತೆಗಳು ಕೂಡುವ ವೃತ್ತ. ಸುತ್ತಲೂ ನಾಟಕದ ಥಿಯೇಟರು, ಅಂಗಡಿ, ಹೋಟೆಲು, ದೀಪದ ಜಾಹೀರಾತು. ಅಲ್ಲೇ ಏರೋಸ್ ಅಂತ ಮಂದಿ ಕರೆಯುವ, ಆಲ್ಫ್ರೆಡ್ ಗಿಲ್ಬರ್ಟ್ ಮಾಡಿದ ಅಲ್ಯೂಮಿನಿಯಂ ಪ್ರತಿಮೆಯ ಕಾರಂಜಿ.

ಅಲ್ಲಿಯ ನೆಲದಡಿ ನಿಲ್ದಾಣ ತೆರೆದದ್ದು 1906ರಲ್ಲಿ. ಮಾರ್ಚಿನಲ್ಲಿ ಬೇಕರ್ಲೂ ಮಾರ್ಗ, ಡಿಸೆಂಬರಿನಲ್ಲಿ ಪಿಕಡಿಲಿ ಮಾರ್ಗ. ಕಟ್ಟಡದ ವಿನ್ಯಾಸ ಲೆಸ್ಲಿ ಗ್ರೀನ್ ಅವರದು. ಗಾಢ ಕೆಂಪು ಬಣ್ಣದ ಹೊಳಪಿನ ಹೆಂಚುಗಳ ಅವರ ನಿಲ್ದಾಣಗಳು ಲಂಡನ್ನಿನಲ್ಲಿ ಇಂದಿಗೂ ಕಾಣುತ್ತವೆ. ಗ್ರೀನ್ ಹುಟ್ಟಿದ್ದೂ 1875ರಲ್ಲೇ, ಹೋಲ್ಡನ್ನರ ಓರಗೆಯವರು. ಕೆಲವೇ ವರ್ಷಗಳಲ್ಲಿ ಸುಮಾರು ಐವತ್ತು ನಿಲ್ದಾಣಗಳ ಕೆಲಸ ಮೈಮೇಲೆ ಎಳೆದುಕೊಂಡು, ಆರೋಗ್ಯ ಕೆಟ್ಟು, 1908ರಲ್ಲಿ 33ನೇ ವಯಸ್ಸಿಗೇ ತೀರಿಕೊಂಡರು. ತನ್ನ ವಯಸ್ಸಿನವನೇ ಕಟ್ಟಿಹೋದ ನಿಲ್ದಾಣವನ್ನು ಐವತ್ತನೇ ವರ್ಷದಲ್ಲಿ ಮತ್ತೆ ಕಟ್ಟುವ ಪಾಳಿ ಹೋಲ್ಡನ್ನರಿಗೆ ಬಂತು.

ಗ್ರೀನ್ ಅವರ ತಪ್ಪೇನೂ ಇರಲಿಲ್ಲ. ಅವರ ಕಾಲಕ್ಕೆ ಆ ನಿಲ್ದಾಣ ಸಾಕಾಗಿತ್ತು. 1907ರಲ್ಲಿ ವರ್ಷಕ್ಕೆ 15 ಲಕ್ಷ ಪ್ರಯಾಣಿಕರು. 1922ಕ್ಕೆ ಅದು 1 ಕೋಟಿ 80 ಲಕ್ಷ. ಹದಿನೈದು ವರ್ಷದಲ್ಲಿ ಹನ್ನೆರಡು ಪಟ್ಟು! ಕೆಳಗೆ ಇಳಿಯಲು ಲಿಫ್ಟ್ ಬಿಟ್ಟರೆ ಇಕ್ಕಟ್ಟಿನ ಸುತ್ತು ಮೆಟ್ಟಿಲು. ಲಿಫ್ಟಿನ ಲೆಕ್ಕ ನಮಗೆ ಗೊತ್ತಿರುವುದೇ. ತುಂಬುವವರೆಗೆ ಕಾಯಬೇಕು, ಬಾಗಿಲು ಮುಚ್ಚಬೇಕು, ಇಳಿಯಬೇಕು, ಖಾಲಿಯಾಗಬೇಕು, ಮತ್ತೆ ಏರಬೇಕು. ಅಷ್ಟರಲ್ಲಿ ಮೇಲೆ ಇನ್ನೊಂದು ಗುಂಪು ಸೇರಿರುತ್ತದೆ. ಎಸ್ಕಲೇಟರಿಗೆ ಕಾಯುವುದೇ ಇಲ್ಲ, ನೀರಿನ ಕಾಲುವೆಯ ಹಾಗೆ ಹರಿಯುತ್ತಲೇ ಇರುತ್ತದೆ. ಆದರೆ ಎಸ್ಕಲೇಟರಿಗೆ ಓರೆಯಾದ ಉದ್ದ ಸುರಂಗ ಬೇಕು, ಮೇಲೆ ವಿಶಾಲ ಜಾಗ ಬೇಕು. ಸುತ್ತಲಿನ ಒಂದಿಂಚು ಜಾಗವೂ ಬಂಗಾರದ ಬೆಲೆ. ಇರುವ ಬಯಲು ಒಂದೇ, ವೃತ್ತದ ನಡುವಿನ ರಸ್ತೆ. ಹಾಗಾದರೆ ರಸ್ತೆಯ ಕೆಳಗೇ ಹಾಲು ಕಟ್ಟೋಣ ಅಂತ ತೀರ್ಮಾನವಾಯಿತು.

ಊರು ನಡೆಯುತ್ತಿರಲಿ, ಕೆಲಸವೂ ನಡೆಯಲಿ

1925ರ ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಏರೋಸ್ ಪ್ರತಿಮೆಯನ್ನು ಬಿಚ್ಚಿ ಥೇಮ್ಸ್ ದಂಡೆಯ ತೋಟಕ್ಕೆ ಸಾಗಿಸಿದರು. ಅದು ನಿಂತಿದ್ದ ಜಾಗದಲ್ಲೇ ಆಳವಾದ ಬಾವಿ ತೋಡಿದರು. ಸುರಂಗದ ತಜ್ಞ ಎಂಜಿನಿಯರ್ ಹಾರ್ಲಿ ಡಾಲ್ರಿಂಪಲ್ ಹೇ ಅವರು. ಮಣ್ಣು, ಕೆಲಸಗಾರರು, ಸಾಮಾನು ಎಲ್ಲ ಆ ಬಾವಿಯೊಳಗಿಂದಲೇ ಹತ್ತಿ ಇಳಿಯುವುದು. ರಸ್ತೆಯನ್ನು ಪೂರ್ತಿ ಅಗೆದು ಮುಚ್ಚುವ ಹಾಗಿಲ್ಲ. ಮೇಲೆ ಬಸ್ಸು, ಟ್ಯಾಕ್ಸಿ ಎಡೆಬಿಡದೆ ಓಡುತ್ತಿದ್ದವು. ಕೆಳಗೆ ಎರಡು ಮಾರ್ಗದ ರೈಲುಗಳು ಓಡುತ್ತಿದ್ದವು. ಹಳೆಯ ಲಿಫ್ಟುಗಳೂ ಹೊಸದು ತಯಾರಾಗುವವರೆಗೆ ಮಂದಿಯನ್ನು ಹೊತ್ತವು.

ಇವೆರಡರ ನಡುವೆ ಇನ್ನೊಂದು ಜಗತ್ತಿತ್ತು. ನೀರಿನ ಪೈಪು, ಗ್ಯಾಸಿನ ಪೈಪು, ಕರೆಂಟು ಮತ್ತು ಟೆಲಿಫೋನಿನ ಕೇಬಲು, ಗಟಾರ. ಹಾಲು ಬರಬೇಕಾದ ಜಾಗದಲ್ಲೇ ಇವೆಲ್ಲ ಹೆಣೆದುಕೊಂಡಿದ್ದವು. ಮೊದಲು ಅವುಗಳಿಗೆ ಸುತ್ತು ಹಾಕಿ ಹೋಗುವ ಬೇರೆ ಸುರಂಗ ಮಾಡಿ, ಅಲ್ಲಿಗೆ ಸರಿಸಿ, ಆಮೇಲೆ ಹಾಲಿನ ಅಗೆತ. ನಮ್ಮ ಊರುಗಳಲ್ಲಿ ಇವತ್ತು ಡಾಂಬರು ಹಾಕಿ ನಾಳೆ ಪೈಪಿಗೆ ಅಗೆಯುವುದನ್ನು ನೋಡಿದವರಿಗೆ ಈ ಕ್ರಮದ ಬೆಲೆ ತಿಳಿಯುತ್ತದೆ. ಲಂಡನ್ನಿನ ಕೆಳಗಿರುವುದು ಗೋಕಾಕಿನ ಬಂಡೆಯಂಥ ನೆಲವಲ್ಲ, ಜೇಡಿಮಣ್ಣು. ಅಗೆಯಲು ಸಲೀಸು, ಆದರೆ ಅಗೆದ ಕೂಡಲೇ ಆಸರೆ ಕೊಡಬೇಕು, ಇಲ್ಲದಿದ್ದರೆ ಮೇಲಿನ ರಸ್ತೆ, ಪಕ್ಕದ ಕಟ್ಟಡ ಕುಸಿಯುವ ಭಯ. ಹಾಲಿನ ಚಾವಣಿಯೇ ರಸ್ತೆಯ ತಳ. ವೃತ್ತದ ಇಡೀ ಭಾರವನ್ನು ಉಕ್ಕಿನ ತೊಲೆಗಳೂ ಕಂಬಗಳೂ ಹೊರಬೇಕು.

ಎಂಜಿನಿಯರುಗಳು ಕೊಟ್ಟ ಈ ಕಂಬಗಳ ಕಾಡಿನೊಳಗೆ ಹೋಲ್ಡನ್ ಒಂದು ಒಳ್ಳೆಯ ಜಾಗ ಮಾಡಬೇಕಿತ್ತು. ಅವರು ಹಾಲಿಗೆ ಮೊಟ್ಟೆಯಾಕಾರ ಕೊಟ್ಟರು. ಸುಮಾರು 155 ಅಡಿ ಉದ್ದ, 144 ಅಡಿ ಅಗಲ. ಬೀದಿಯ ಬೇರೆ ಬೇರೆ ಮೂಲೆಗಳಿಂದ ಇಳಿಯುವ ಮೆಟ್ಟಿಲುಗಳೆಲ್ಲ ಈ ಸುತ್ತಿಗೆ ಬಂದು ಸೇರುತ್ತವೆ. ಮೂಲೆಗಳೇ ಇಲ್ಲದ್ದರಿಂದ ಮಂದಿ ಎಲ್ಲೂ ಗಂಟು ಬೀಳುವುದಿಲ್ಲ. ಸುತ್ತ ನಡೆದರೆ ತಮ್ಮ ದಾರಿ ಸಿಕ್ಕೇ ಸಿಗುತ್ತದೆ. ನಡುವೆ ಎಸ್ಕಲೇಟರು. ಮೊದಲ ಹಂತ ನಡುವಿನ ಅಂಕಣಕ್ಕೆ, ಅಲ್ಲಿಂದ ಎರಡೂ ಮಾರ್ಗಗಳಿಗೆ ಬೇರೆ ಬೇರೆ ಹಂತ, ಒಟ್ಟು 11 ಎಸ್ಕಲೇಟರುಗಳು.

ನೆಲದಡಿಗೆ ಇಳಿಯುವುದೆಂದರೆ ಮಂದಿಗೆ ಒಂದು ಅಳುಕು. ಕತ್ತಲೆ, ಉಸಿರು ಕಟ್ಟುವ ಭಾವ. ಅದಕ್ಕೆ ಹೋಲ್ಡನ್ ಗೋಡೆಗಳಿಗೆ ತಿಳಿ ಬಣ್ಣದ ಟ್ರಾವರ್ಟೈನ್ ಅಮೃತಶಿಲೆ ಹಾಕಿಸಿದರು. ಕಂಬಗಳಿಗೆ ಕೆಂಪು ಹೊಳಪಿನ ಹೊದಿಕೆ, ಪ್ರತಿ ಕಂಬಕ್ಕೂ ದೀಪ. ಸುತ್ತಲೂ ಅಂಗಡಿಗಳ ಗಾಜಿನ ಪ್ರದರ್ಶನ ಕಪಾಟು, ಟೆಲಿಫೋನ್ ಗೂಡು, ಜಗತ್ತಿನ ಬೇರೆ ಬೇರೆ ಕಡೆಯ ಹೊತ್ತು ತೋರಿಸುವ ಗಡಿಯಾರ. ಒಳಗಿದ್ದರೂ ಬೀದಿಯಲ್ಲೇ ಅಡ್ಡಾಡಿದ ಹಾಗೆ. ಗೋಕಾಕ ಬಸ್ ಸ್ಟ್ಯಾಂಡಿಗೆ ಬಂದವನು ಕರದಂಟಿನ ಅಂಗಡಿ ಕಂಡ ಕೂಡಲೇ ಊರು ಮುಟ್ಟಿದೆ ಅಂದುಕೊಳ್ಳುತ್ತಾನಲ್ಲ, ಹಾಗೆ.

ನಕ್ಷೆ ಬರೆದು ಕೈತೊಳೆದುಕೊಳ್ಳುವ ಮನುಷ್ಯ ಅಲ್ಲ ಅವರು. ಹಾಲಿನ ಒಂದು ಭಾಗವನ್ನು ನಿಜವಾದ ಅಳತೆಯಲ್ಲೇ ಅರ್ಲ್ಸ್ ಕೋರ್ಟ್‌ನಲ್ಲಿ ಮಾದರಿಯಾಗಿ ಕಟ್ಟಿ ನೋಡಿದರು. ಕಾಗದದ ಮೇಲೆ ಚೆಂದ ಕಂಡ ಕಂಬ ನಡೆಯುವವನ ಕಣ್ಣಿಗೆ ಹೇಗೆ ಕಾಣುತ್ತದೆ, ದೀಪ ಎಷ್ಟು ಎತ್ತರ ಇರಬೇಕು, ಎಲ್ಲ ಅಲ್ಲೇ ತಿಳಿಯುತ್ತದೆ. ಈಗ ನಾವು ಲ್ಯಾಬಿನ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ತಿರುಗಿಸಿ ನೋಡುತ್ತೇವೆ. ಅವರು ಅದನ್ನು ಕಟ್ಟಿಗೆ, ಗಾರೆಯಲ್ಲಿ ಮಾಡಿದರು.

1928ರ ಡಿಸೆಂಬರ್ 10ರಂದು ಹೊಸ ನಿಲ್ದಾಣ ತೆರೆಯಿತು. ಸುಮಾರು ನಾಲ್ಕು ವರ್ಷ, ಐದು ಲಕ್ಷ ಪೌಂಡಿಗೂ ಮಿಕ್ಕಿ ಖರ್ಚು. 1929ರಲ್ಲಿ ಹಳೆಯ ಕಟ್ಟಡದ ಬಾಗಿಲು ಮುಚ್ಚಿತು. 1931ರಲ್ಲಿ ಏರೋಸ್ ತನ್ನ ವೃತ್ತಕ್ಕೆ ಮರಳಿತು. ಈಗ ಅಲ್ಲಿ ಹೋಗಿ ನಿಲ್ದಾಣದ ಕಟ್ಟಡ ಎಲ್ಲಿ ಅಂತ ಹುಡುಕಿದರೆ ಸಿಗುವುದಿಲ್ಲ. ನೆಲದ ಮೇಲೆ ಕಟ್ಟಡವೇ ಇಲ್ಲ, ಬರೀ ಮೆಟ್ಟಿಲು. ಒಬ್ಬ ವಾಸ್ತುಶಿಲ್ಪಿ ತನ್ನ ಹೆಸರಾದ ಕೆಲಸಕ್ಕೆ ಮುಖವೇ ಇಲ್ಲದಂತೆ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಬೈಗುಳವೂ ಬಂತು, ಗೌರವವೂ ಬಂತು

ಅದೇ ವರ್ಷಗಳಲ್ಲಿ ಹೋಲ್ಡನ್ ರೈಲು ಕಂಪನಿಯ ಮುಖ್ಯ ಕಚೇರಿ, 55 ಬ್ರಾಡ್‌ವೇ ಕಟ್ಟಿದರು. ಅದರ ಗೋಡೆಗೆ ಜೇಕಬ್ ಎಪ್‌ಸ್ಟೈನ್ ಕೆತ್ತಿದ ನಗ್ನ ಶಿಲ್ಪಗಳನ್ನು ನೋಡಿ ಪತ್ರಿಕೆಗಳು ಕೂಗೆಬ್ಬಿಸಿದವು. 1908ರಲ್ಲಿ ಹೋಲ್ಡನ್ನರದೇ ಇನ್ನೊಂದು ಕಟ್ಟಡದ ಮೇಲೆ ಇದೇ ಶಿಲ್ಪಿಯ ಕೆಲಸಕ್ಕೆ ಇದೇ ಗದ್ದಲವಾಗಿತ್ತು. ಆದರೂ ಎರಡನೇ ಸಲವೂ ಅವರನ್ನೇ ಕರೆದರು. ಪಿಕ್ ಅವರಿಗೆ ಆ ಶಿಲ್ಪಗಳು ಅಷ್ಟೇನೂ ಹಿಡಿಸಿರಲಿಲ್ಲ. ಆದರೂ ಹೊಣೆ ತಾನೇ ಹೊತ್ತು ರಾಜೀನಾಮೆ ಕೊಡಲು ತಯಾರಾದರು. ಕಂಪನಿ ಅದನ್ನು ಒಪ್ಪಲಿಲ್ಲ.

1930ರಲ್ಲಿ ಇಬ್ಬರೂ ಜರ್ಮನಿ, ಹಾಲೆಂಡ್, ಡೆನ್ಮಾರ್ಕ್, ಸ್ವೀಡನ್ ಸುತ್ತಿ ಹೊಸ ಕಟ್ಟಡಗಳನ್ನು ನೋಡಿ ಬಂದರು. ಆಮೇಲೆ ಬಂದವು ಸಡ್ಬರಿ ಟೌನ್, ಆರ್ನೋಸ್ ಗ್ರೋವ್‌ನಂಥ ನಿಲ್ದಾಣಗಳು. ಸಾದಾ ಇಟ್ಟಿಗೆ, ಕಾಂಕ್ರೀಟು, ಗಾಜು. ಮಾಸ್ಕೋ ನಗರ ಮೆಟ್ರೋ ಕಟ್ಟಲು ಹೊರಟಾಗ ಅಲ್ಲಿಯವರು ಲಂಡನ್ನಿನಿಂದ ಸಲಹೆ ಪಡೆದರು. ಮುಂದೆ 1947ರಲ್ಲಿ ತೆರೆದ ಗ್ಯಾಂಟ್ಸ್ ಹಿಲ್ ನಿಲ್ದಾಣದ ಕಮಾನು ಚಾವಣಿಯಲ್ಲಿ ಹೋಲ್ಡನ್ ಮಾಸ್ಕೋದ ರೀತಿಯನ್ನು ಲಂಡನ್ನಿಗೆ ತಂದರು. ಕೊಟ್ಟದ್ದು ತಿರುಗಿ ಬಂತು ಅನ್ನಬಹುದು.

1936ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ ಬಂತು. ಲಂಡನ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಗೋಪುರವೂ ಅವರದೇ. ಸರ್ ಪದವಿ ಕೊಡುತ್ತೇವೆ ಎಂದು ಸರ್ಕಾರ ಎರಡು ಸಲ ಕೇಳಿತು. ಎರಡೂ ಸಲ ಬೇಡವೆಂದರು. ಕಟ್ಟಡ ಒಬ್ಬನ ಕೆಲಸ ಅಲ್ಲ, ಹಲವರ ಕೂಡು ದುಡಿಮೆ, ಅದರ ಗೌರವ ಒಬ್ಬನಿಗೇ ಬರಬಾರದು ಎಂಬುದು ಅವರ ನಿಲುವಾಗಿತ್ತು. ಎಂಬತ್ತು ದಾಟಿದ ಮೇಲೂ ಆಫೀಸಿಗೆ ಬಂದುಹೋಗುತ್ತಿದ್ದರು. 1960ರ ಮೇ 1ರಂದು, ಎಂಬತ್ತೈದಕ್ಕೆ ಹನ್ನೊಂದು ದಿನ ಇರುವಾಗ, ಹಾರ್ಮರ್ ಗ್ರೀನ್‌ನ ಅದೇ ಮನೆಯಲ್ಲಿ ತೀರಿಕೊಂಡರು. 69 ಸ್ಮಶಾನ ರೂಪಿಸಿದವರಿಗೆ ತಮ್ಮದೇ ಗೋರಿ ಇಲ್ಲ. ಬೂದಿಯನ್ನು ಹರ್ಟ್‌ಫರ್ಡ್‌ನ ಕ್ವೇಕರ್ ಸಭಾಭವನದ ತೋಟದಲ್ಲಿ ಚೆಲ್ಲಿದರು.

ನಮಗೇನು ಇದರಿಂದ?

2023ರ ಆಗಸ್ಟ್ 6ರಂದು ಅಮೃತ್ ಭಾರತ್ ಯೋಜನೆಯಲ್ಲಿ ದೇಶದ 508 ನಿಲ್ದಾಣಗಳ ಮರುನಿರ್ಮಾಣಕ್ಕೆ ಅಡಿಗಲ್ಲು ಬಿತ್ತು. ಅದರಲ್ಲಿ ನಮ್ಮ ಘಟಪ್ರಭಾ, ಗೋಕಾಕ ರೋಡ್ ಎರಡೂ ಇದ್ದವು. ಪಿಕಡಿಲಿಗೂ ಘಟಪ್ರಭಾಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ ಅಂತ ಕೆಲವರು ನಗಬಹುದು. ಗಾತ್ರದಲ್ಲಿ ಹೋಲಿಕೆ ಇಲ್ಲ, ಪ್ರಶ್ನೆಯಲ್ಲಿ ಇದೆ. ಮಂದಿ ಎಷ್ಟು ಬರುತ್ತಾರೆ, ಹದಿನೈದು ವರ್ಷದ ಮೇಲೆ ಎಷ್ಟು ಬಂದಾರು? ಕೆಲಸ ನಡೆಯುವಾಗ ಮೂಡಲಗಿಯಿಂದ ಗಂಟು ಹೊತ್ತು ಬಂದ ಅಜ್ಜಿ ಎಲ್ಲಿ ನಿಲ್ಲಬೇಕು? ಹುಕ್ಕೇರಿಯ ಬಸ್ಸು ಇಳಿದವನಿಗೆ ಟಿಕೆಟ್ ಕಿಟಕಿ ಕೇಳದೇ ಕಾಣುತ್ತದೆಯೇ? ಮಳೆಯಲ್ಲಿ ಪ್ಲಾಟ್‌ಫಾರ್ಮಿನ ತುದಿಯವನು ನೆನೆಯುತ್ತಾನೆಯೇ? ಮುಂದಿನ ಗೋಡೆಗೆ ಬಣ್ಣದ ದೀಪ ಹಾಕಿದ ಮಾತ್ರಕ್ಕೆ ಈ ಪ್ರಶ್ನೆಗಳು ತೀರುವುದಿಲ್ಲ.

ನಾಳೆ ನಮ್ಮಲ್ಲೇ ಯಾರೋ ಸಿವಿಲ್ ಓದಿದವರು ಬಸ್ ಸ್ಟ್ಯಾಂಡಿನ ನಕ್ಷೆ ಬರೆಯುತ್ತಾರೆ, ಎಲೆಕ್ಟ್ರಿಕಲ್‌ನವರು ಅದರ ದೀಪದ ಲೆಕ್ಕ ಹಾಕುತ್ತಾರೆ, ಮೆಕ್ಯಾನಿಕಲ್‌ನವರು ಲಿಫ್ಟು ನೋಡಿಕೊಳ್ಳುತ್ತಾರೆ. ಆಗ ಮೊದಲು ಒಂದು ದಿನ ಪೂರ್ತಿ ಆ ಜಾಗದಲ್ಲಿ ನಿಂತು ಮಂದಿ ಎತ್ತ ನಡೆಯುತ್ತಾರೆ ಅಂತ ನೋಡೋಣ. ಗೆರೆ ಎಳೆಯುವುದು ಆಮೇಲೆ. ಪಿಕಡಿಲಿಯ ಹಾಲು 2028ಕ್ಕೆ ನೂರು ತುಂಬುತ್ತದೆ. ಅಲ್ಲಿ ನಡೆಯುವವರಲ್ಲಿ ಹೆಚ್ಚಿನವರಿಗೆ ಹೋಲ್ಡನ್ ಯಾರೆಂದು ಗೊತ್ತಿರಲಿಕ್ಕಿಲ್ಲ. ದಾರಿ ಮಾತ್ರ ಯಾರಿಗೂ ತಪ್ಪುವುದಿಲ್ಲ.